ಹಸಿವಿಲ್ಲದ ಇಲಿಯ ಊಟ

ಹಸಿವನ್ನು ನಿಲ್ಲಿಸುವ ಔಷಧ ಧಾರವಾಡದಲ್ಲಿ ಹುಟ್ಟಿತು ಎಂದರೆ ನಂಬುವುದು ಸ್ವಲ್ಪ ಕಷ್ಟ. ಇಲ್ಲಿಯ ಜನ ಬೆಳಗಿನ ಉಪ್ಪಿಟ್ಟು ತಿನ್ನುತ್ತಲೇ ಮಧ್ಯಾಹ್ನದ ಪಲ್ಯದ ಬಗ್ಗೆ ಚರ್ಚೆ ನಡೆಸುತ್ತಾರೆ. ಪೇಢೆ ಅಂಗಡಿಯ ಮುಂದಿನ ಸಾಲು ಬ್ಯಾಂಕಿನ ಮುಂದಿನದಕ್ಕಿಂತ ಯಾವಾಗಲೂ ಉದ್ದ. ಆದರೂ ಅದು ಹುಟ್ಟಿದ್ದು ಇಲ್ಲಿಯೇ, ಊರ ಹೊರಗೆ ಎರಿಭೂಮಿಯ ಅಂಚಿನಲ್ಲಿದ್ದ ಪೋಷಣ ವಿಜ್ಞಾನ ಕೇಂದ್ರದಲ್ಲಿ. ಅದೂ ಒಂದು ಕಪ್ಪೆಯ ಕೃಪೆಯಿಂದ.

ಆ ಕಪ್ಪೆ ಬೇಸಿಗೆ ಬಂತೆಂದರೆ ಕರಿಮಣ್ಣಿನ ಆಳಕ್ಕೆ ಇಳಿದು, ಮತ್ತೆ ಮಳೆ ಬೀಳುವವರೆಗೆ ಏನೂ ತಿನ್ನದೆ ಕೂತಿರುತ್ತದೆ. ಉಪವಾಸ ಇರುವ ಪ್ರಾಣಿಗಳು ಲೋಕದಲ್ಲಿ ಬೇಕಾದಷ್ಟಿವೆ. ಈ ಕಪ್ಪೆಯ ವಿಶೇಷವೆಂದರೆ ಅದಕ್ಕೆ ಉಪವಾಸದ ಸಂಕಟವೇ ಇಲ್ಲ. ಬಿಸಿಲು ಏರಿದಾಗ ಅದರ ಕರುಳು ಒಂದು ಪುಟ್ಟ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. ಅದು ಮಿದುಳಿಗೆ ಹೋಗಿ, ಹಸಿವೆಂದು ಕೂಗುವ ಜೀವಕೋಶಗಳನ್ನು ಹುಡುಕಿ, ಅವುಗಳ ಬಾಯಿ ಮುಚ್ಚಿಸುತ್ತದೆ. ಕೇಂದ್ರದ ಹಿರಿಯ ವಿಜ್ಞಾನಿ ಡಾ. ನೀಲಾಂಬಿಕೆ ಹೂಗಾರ ಈ ಪ್ರೋಟೀನನ್ನು ಬೇರ್ಪಡಿಸಿ, ಯೀಸ್ಟಿನಿಂದ ಅದನ್ನು ತಯಾರಿಸುವುದನ್ನೂ ಸಾಧಿಸಿದಳು. ನಿರ್ದೇಶಕ ಶ್ರೀಪಾದ ಇನಾಮದಾರರು ಅದಕ್ಕೆ 'ಸಾಕಿನ್' ಎಂದು ಹೆಸರಿಟ್ಟರು, ಮತ್ತು ತಮ್ಮ ಹಾಸ್ಯಕ್ಕೆ ತಾವೇ ಒಂದು ಇಡೀ ಸಭೆಯುದ್ದಕ್ಕೂ ನಕ್ಕರು.

ಸಾಕಿನ್ ಕೊಟ್ಟರೆ ಇಲಿ ಕಡಿಮೆ ತಿನ್ನುತ್ತದೆ, ಸಣ್ಣಗಾಗುತ್ತದೆ. ಇಷ್ಟು ಹೇಳಲು ಸರ್ಕಾರ ಕಟ್ಟಡ ಕಟ್ಟಿಸಿ ಕೊಡಬೇಕಿರಲಿಲ್ಲ. ನಿಜವಾದ ಪ್ರಶ್ನೆ ಆಮೇಲಿನದು: ಇಲಿ ಸಣ್ಣಗಾದದ್ದು ಬರೀ ಕಡಿಮೆ ತಿಂದದ್ದಕ್ಕೋ, ಅಥವಾ ಔಷಧ ಒಳಗೆ ಕೂತು ಕೊಬ್ಬನ್ನೂ ಕರಗಿಸುತ್ತಿದೆಯೋ? ಇದನ್ನು ತಿಳಿಯಲು ಹಳೆಯದೊಂದು ಉಪಾಯವಿದೆ. ಔಷಧ ಪಡೆದ ಪ್ರತಿಯೊಂದು ಇಲಿಗೂ ಔಷಧವಿಲ್ಲದ ಒಂದು ಜೋಡಿ ಇಲಿಯನ್ನು ಗೊತ್ತುಮಾಡುತ್ತಾರೆ. ಮೊದಲನೆಯದು ಎಷ್ಟು ತಿಂದಿತೋ ಎರಡನೆಯದಕ್ಕೆ ಅಷ್ಟೇ ಹಾಕುತ್ತಾರೆ, ಒಂದು ಕಾಳು ಹೆಚ್ಚಿಲ್ಲ. ಮೊದಲನೆಯದಕ್ಕೆ ಹಸಿವಿಲ್ಲ, ಊಟವೂ ಕಡಿಮೆ. ಎರಡನೆಯದಕ್ಕೆ ಊಟ ಅಷ್ಟೇ, ಹಸಿವು ಮಾತ್ರ ಪೂರ್ತಿ. ಕೊನೆಗೆ ಇಬ್ಬರನ್ನೂ ತೂಗಿ ನೋಡಿದರೆ ವ್ಯತ್ಯಾಸವೇ ಔಷಧದ ನಿಜವಾದ ಗುಣ. ವ್ಯತ್ಯಾಸವಿಲ್ಲದಿದ್ದರೆ ಸಾಕಿನ್ ಎಂಬುದು ದುಬಾರಿಯ ಏಕಾದಶಿ, ಅಷ್ಟೇ.

ಈ ಜೋಡಿಗಳನ್ನು ಬೇರೆ ಬೇರೆ ಕೋಣೆಗಳಲ್ಲಿಡುವುದು ವಾಡಿಕೆ. ನೀಲಾ ಹಾಗೆ ಮಾಡಲಿಲ್ಲ. ಕೇಂದ್ರಕ್ಕೆ ಹೊಸದಾಗಿ ಬಡಿಸುವ ಯಂತ್ರವೊಂದು ಬಂದಿತ್ತು. ಅದು ಗೂಡುಗಳ ಸಾಲಿನ ಮುಂದೆ ಹಳಿಯ ಮೇಲೆ ಓಡಾಡುತ್ತ, ಎಡಗೂಡಿನ ಇಲಿ ಎಷ್ಟು ತಿಂದಿತೆಂದು ತೂಗಿ, ಕೆಲವೇ ನಿಮಿಷಗಳಲ್ಲಿ ಅಷ್ಟನ್ನು ಬಲಗೂಡಿನ ಬಟ್ಟಲಿಗೆ ಹಾಕುತ್ತಿತ್ತು. ಇಂಥ ಯಂತ್ರ ಬಂದ ಮೇಲೆ ಜೋಡಿಯನ್ನು ಅಗಲಿಸಿಟ್ಟರೆ ಅದು ಸುಮ್ಮನೆ ಅಲೆದಾಡುತ್ತದೆಂದು ನೀಲಾ ಎಡ ಬಲ ಒತ್ತಟ್ಟಿಗೆ ಕೂಡಿಸಿದಳು. ಮದುವೆಮನೆಯಲ್ಲಿ ಬಡಿಸಿ ಬೆಳೆದವರ ಕೈಗೆ ಸಾಲೇ ಸಲೀಸು. ಕೇಂದ್ರದವರು ಆ ಗೂಡುಗಳಿಗೆ 'ಪಂಕ್ತಿ' ಎಂದೇ ಹೆಸರಿಟ್ಟರು. ಅದು ತಪ್ಪೆಂದು ಆಗ ಯಾರಿಗೂ ಹೊಳೆಯಲಿಲ್ಲ.

ನೀಲಾಳ ಗಂಡ ಪ್ರಭುಲಿಂಗ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ, ಆದರೆ ಊರಿನಲ್ಲಿ ಅವನಿಗೆ ಹೆಸರಿದ್ದದ್ದು ಇತಿಹಾಸದಿಂದಲ್ಲ. ಬಡಿಸುವವರು ಅವನ ಮುಂದೆ ಹೋಳಿಗೆಯ ಬುಟ್ಟಿಯನ್ನೇ ಇಟ್ಟು ಮುಂದೆ ಹೋಗುತ್ತಿದ್ದರು. ಅವನು ಬರುವುದಿಲ್ಲವೆಂದು ತಿಳಿದರೆ ಬೀಗರು ಬೇಜಾರು ಮಾಡಿಕೊಳ್ಳುತ್ತಿದ್ದರು. ಆದರೆ ಯಕೃತ್ತು ಈ ಸಂಭ್ರಮದಲ್ಲಿ ಪಾಲ್ಗೊಳ್ಳಲಿಲ್ಲ. ಅದರಲ್ಲಿ ಕೊಬ್ಬು ತುಂಬಿ ಗಟ್ಟಿಯಾಗುತ್ತಿದೆ, ಹೀಗೆಯೇ ಹೋದರೆ ಬಹಳ ದೂರ ಹೋಗಲಿಕ್ಕಿಲ್ಲ ಎಂದು ಡಾಕ್ಟರು ನೇರವಾಗಿ ಹೇಳಿಬಿಟ್ಟರು. ಸಾಕಿನ್ ಮನುಷ್ಯರ ಪರೀಕ್ಷೆಗೆ ಬಂದಾಗ ಅವನು ಹೆಸರು ಕೊಟ್ಟ. ಸೂಜಿ ಹಾಕುತ್ತಿದ್ದದ್ದು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ, ಬೇರೆಯವರು. ಹೆಂಡತಿ ಗಂಡನ ಮೇಲೆ ಪ್ರಯೋಗ ಮಾಡುವಂತಿಲ್ಲ ಎಂಬ ನಿಯಮವಿದೆ. ಸಂಸಾರದಲ್ಲಿ ಅದನ್ನು ಅಷ್ಟಾಗಿ ಪಾಲಿಸುವುದಿಲ್ಲವಾದರೂ ವಿಜ್ಞಾನದಲ್ಲಿ ಪಾಲಿಸುತ್ತಾರೆ.

ಒಂದು ವಾರದಲ್ಲಿ ಅವನ ಹಸಿವು ನಿಂತುಹೋಯಿತು. ಹೇಗನ್ನಿಸುತ್ತದೆಂದು ನೀಲಾ ಕೇಳಿದಾಗ ಅವನು ಹೇಳಿದ:

"ಬಾಜೂ ಮನಿಯಾವ್ರ ಟೀವಿ ಬಂದ್ ಆದಂಗ ಆಗೈತಿ. ಇಷ್ಟ ದಿನಾ ಹಚ್ಚಿತ್ತು ಅನ್ನೂದು ಈಗ ಗೊತ್ತಾತು."

ಆರು ರೊಟ್ಟಿಯವನು ಅರ್ಧ ರೊಟ್ಟಿಗೆ ಇಳಿದ. ಶೇಂಗಾ ಚಟ್ನಿ, ಎಣ್ಣೆಗಾಯಿ, ಕೆನೆಮೊಸರು ಎಲ್ಲವನ್ನೂ ಸರ್ಕಾರಿ ಕಡತ ನೋಡಿದ ಹಾಗೆ ನೋಡಿ ಎದ್ದುಹೋಗುತ್ತಿದ್ದ. ಹೊಟ್ಟೆ ಕರಗಿತು, ಯಕೃತ್ತು ಮೆತ್ತಗಾಗತೊಡಗಿತು, ಸಿಟ್ಟೂ ಕಡಿಮೆಯಾಯಿತು. ಎಲ್ಲರಿಗೂ ಸಂತೋಷ, ಅವನ ತಾಯಿ ಗಂಗವ್ವನೊಬ್ಬಳನ್ನು ಬಿಟ್ಟು. ನಿನ್ನ ಕಪ್ಪೆ ನನ್ನ ಮಗನ ಬಾಯಿ ಹೊಲಿದಿಟ್ಟಿದೆ ಎಂದು ಅವಳು ಸೊಸೆಗೆ ಹೇಳಿದಳು. ಮಗನಿಗೆ ಬಡಿಸಿ, ಅವನು ಉಂಡೆದ್ದ ಮೇಲೆ ತಾನು ಅಡಿಗೆಮನೆಯಲ್ಲಿ ಕೂತು ಉಣ್ಣುವುದು ಅವಳ ಪದ್ಧತಿ. ನೀಲಾ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೋದರೆ ಕತ್ತಲಾಗಿ ಅವರ ಊಟ ಮುಗಿದ ಮೇಲೆ ಬರುವವಳು. ಆ ಮನೆಯಲ್ಲಿ ಗಂಗವ್ವ ಉಣ್ಣುವುದನ್ನು ಕಣ್ಣಾರೆ ಕಂಡವರೇ ಇರಲಿಲ್ಲ. ತೊಳೆದಿಟ್ಟ ತಾಟನ್ನು ನೋಡಿ ಉಂಡಿರಬೇಕೆಂದು ಊಹಿಸುತ್ತಿದ್ದರು.

ಗಂಗವ್ವ ಸಣ್ಣಗಾಗುತ್ತಿರುವುದು ಕಣ್ಣಿಗೆ ಬಿದ್ದದ್ದು ಬಳೆಗಳಿಂದ. ರೊಟ್ಟಿ ಬಡಿಯುವಾಗ ಅವು ಮೊಣಕೈವರೆಗೆ ಜಾರತೊಡಗಿದವು. ಮೊದಮೊದಲು ವಯಸ್ಸೆಂದರು. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರು, ಎಕ್ಸ್‌ರೇ ತೆಗೆಸಿದರು, ಹೊಟ್ಟೆಯ ಸ್ಕ್ಯಾನ್ ಆಯಿತು. ಏನೂ ಸಿಗಲಿಲ್ಲ. ಹೀಗೆ ಕಾರಣವಿಲ್ಲದೆ ಮೈ ಇಳಿದಾಗ ಇನ್ನೂ ಆಳಕ್ಕೆ ಹುಡುಕಬೇಕಾಗುತ್ತದೆ ಎಂದು ಡಾಕ್ಟರು ದನಿ ತಗ್ಗಿಸಿ ಹೇಳಿದರು. ಅವರು ಯಾವ ರೋಗದ ಹೆಸರು ಹೇಳಲಿಲ್ಲವೋ ಅದು ನೀಲಾಳಿಗೆ ತಿಳಿಯಿತು. ಮನೆಗೆ ಬಂದು, ಸರಿಯಾಗಿ ಉಣ್ಣುತ್ತೀರಾ ಎಂದು ಅತ್ತೆಯನ್ನು ಕೇಳಿದಳು. ದಿನಾಲೂ ಉಣ್ಣುತ್ತೇನಲ್ಲ ಎಂದಳು ಗಂಗವ್ವ. ನೀಲಾ ಅದನ್ನು ನಂಬಿದಳು. ತನ್ನ ಇಲಿಗಳ ವಿಷಯದಲ್ಲಿ ಅವಳು ತೂಗದೆ ಏನನ್ನೂ ನಂಬಿದವಳಲ್ಲ. ಅವುಗಳ ಒಂದೊಂದು ಗೂಡಿಗೂ ಒಂದು ಕ್ಯಾಮೆರಾ ಇತ್ತು.

ಇತ್ತ ಪಂಕ್ತಿಯಲ್ಲಿ ವಿಚಿತ್ರವೊಂದು ಶುರುವಾಗಿತ್ತು. ಔಷಧ ಪಡೆದ ಎಡಗಡೆಯ ಇಲಿಗಳು ಮತ್ತೆ ಉಣ್ಣತೊಡಗಿದ್ದವು.

ಒಂದೆರಡಲ್ಲ, ಮುಕ್ಕಾಲು ಪಾಲು. ತೂಕದ ಗೆರೆ ಇಳಿಯುವುದನ್ನು ನಿಲ್ಲಿಸಿ, ಸ್ವಲ್ಪ ದಿನ ಸಮನಾಗಿ ನಡೆದು, ಮೇಲಕ್ಕೆ ತಿರುಗಿತ್ತು. ಇನಾಮದಾರರ ಮುಖ ಅದೇ ಹೊತ್ತಿಗೆ ಕೆಳಕ್ಕೆ ತಿರುಗಿತು. ದೇಹ ಔಷಧಕ್ಕೆ ಒಗ್ಗಿಹೋಗಿದೆ, ಹೀಗಾದರೆ ಮನುಷ್ಯರ ಪರೀಕ್ಷೆಯನ್ನೇ ನಿಲ್ಲಿಸಬೇಕಾಗುತ್ತದೆ ಎಂದರು. ನಿಂತರೆ ಪ್ರಭುಲಿಂಗನ ಯಕೃತ್ತು ಮತ್ತೆ ಮೊದಲಿನ ದಾರಿ ಹಿಡಿಯುತ್ತದೆಂಬುದು ನೀಲಾಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವಳು ಔಷಧದ ಪ್ರಮಾಣ ಹೆಚ್ಚಿಸಿದಳು. ಇಲಿಗಳು ಉಣ್ಣುತ್ತಲೇ ಇದ್ದವು. ರಕ್ತ ತೆಗೆದು ನೋಡಿದರೆ ಸಾಕಿನ್ ತುಂಬಿ ತುಳುಕುತ್ತಿತ್ತು. ಕೊನೆಗೆ ಉಳಿದದ್ದು ಮಿದುಳು. ಹಸಿವಿನ ಕೋಶಗಳಿರುವ ಜಾಗಕ್ಕೆ ಕೂದಲಿನಷ್ಟು ಸಪೂರವಾದ ಗಾಜಿನ ಎಳೆಯೊಂದನ್ನು ಇಳಿಸಿದರೆ, ಕೋಶಗಳು ಎಚ್ಚರಗೊಂಡಾಗ ಅಲ್ಲಿ ಬೆಳಕು ಮಿಣುಕುತ್ತದೆ, ಹೊರಗಿನ ಪರದೆಯ ಮೇಲೆ ಗೆರೆ ಏಳುತ್ತದೆ. ಕೆಲವು ಇಲಿಗಳಿಗೆ ಅದನ್ನು ಅಳವಡಿಸಿದರು.

ಇಲಿಗಳು ರಾತ್ರಿ ಉಣ್ಣುವ ಪ್ರಾಣಿಗಳು. ವಿಜ್ಞಾನಿಗಳು ಹಗಲು ಸಂಬಳ ಪಡೆಯುವ ಪ್ರಾಣಿಗಳು. ಹೀಗಾಗಿ ಪಂಕ್ತಿಯ ಕೋಣೆಯಲ್ಲಿ ಹಗಲು ರಾತ್ರಿಯನ್ನು ಅದಲುಬದಲು ಮಾಡಿದ್ದರು. ಹೊರಗೆ ಧಾರವಾಡದ ಬಿಸಿಲು ಸುಡುತ್ತಿದ್ದಾಗ ಒಳಗೆ ಮಂದವಾದ ಕೆಂಪು ದೀಪ. ಇಲಿಯ ಕಣ್ಣಿಗೆ ಅದು ಕತ್ತಲೆಯೇ. ಆ ಕೆಂಪು ಬೆಳಕಿನಲ್ಲಿ ನೀಲಾ ಏಳನೆಯ ಎಡಗೂಡಿನ ಮುಂದೆ ಕೂತಳು. ಇಲಿ ಮೂಲೆಯಿಂದ ಎದ್ದು ಬಂದು ಬಟ್ಟಲಿನಿಂದ ಒಂದು ಚೂರು ತೆಗೆದುಕೊಂಡಿತು. ಹಸಿದ ಇಲಿಯ ಆತುರ ಅದರಲ್ಲಿ ಇರಲಿಲ್ಲ. ನಿಧಾನವಾಗಿ, ಕೆಲಸವೊಂದನ್ನು ಮುಗಿಸುವವರ ಹಾಗೆ ಕಡಿಯಿತು. ಆಮೇಲೆ ನಿಲ್ಲಿಸಿ ಬಲಗಡೆಯ ಗೋಡೆಯತ್ತ ಕಿವಿ ಮಾಡಿತು. ಮತ್ತೆ ಒಂದು ಚೂರು ಕಡಿಯಿತು. ಪರದೆಯ ಮೇಲೆ ಹಸಿವಿನ ಗೆರೆ ಆರಂಭದಿಂದ ಕೊನೆಯವರೆಗೆ ನೆಲಕ್ಕೆ ಅಂಟಿಕೊಂಡಿತ್ತು.

ಹಸಿವಿಲ್ಲ, ರುಚಿಯ ಆಸೆಯೂ ಇಲ್ಲ. ಆದರೂ ಇಲಿ ಉಣ್ಣುತ್ತಿತ್ತು.

ನೀಲಾ ಮೊದಲು ಉಪಕರಣವನ್ನು ಸಂಶಯಿಸಿದಳು, ಆಮೇಲೆ ತನ್ನ ಕಣ್ಣನ್ನು, ಕೊನೆಗೆ ಸಲೀಮಾಳನ್ನು ಕರೆದಳು. ಸಲೀಮಾ ನದಾಫ್ ಪ್ರಾಣಿಗಳ ಸದ್ದನ್ನು ಅಭ್ಯಾಸ ಮಾಡಿದವಳು. ಕೇಂದ್ರದಲ್ಲಿ ಯಾರ ಬೆನ್ನ ಹಿಂದೆ ಯಾರು ಏನು ಹೇಳಿದರೆಂಬುದೂ ಅವಳಿಗೆ ಮೊದಲು ತಿಳಿಯುತ್ತಿತ್ತು. ಇಲಿಗಳು ನಮ್ಮ ಕಿವಿಗೆ ನಿಲುಕದಷ್ಟು ಮೇಲಿನ ಸ್ವರದಲ್ಲಿ ಮಾತಾಡುತ್ತವೆ, ಸಂಕಟಕ್ಕೆ ಒಂದು ಸ್ವರ, ಸುಖಕ್ಕೆ ಬೇರೆಯದು. ಅವಳು ಮೈಕುಗಳನ್ನು ಹಚ್ಚಿ, ಆ ಸ್ವರಗಳನ್ನು ನಮ್ಮ ಕಿವಿಯ ಮಟ್ಟಕ್ಕೆ ಇಳಿಸಿ ಕೇಳಿಸಿದಳು.

ಮೌನವೆಂದು ತಿಳಿದಿದ್ದ ಕೋಣೆ ಮಾತಿನಿಂದ ತುಂಬಿಹೋಗಿತ್ತು. ಬಲಗಡೆಯ ಗೂಡುಗಳಿಂದ ಉದ್ದನೆಯ, ಒಂದೇ ಸಮನಾದ, ತಗ್ಗು ಸ್ವರದ ಕೂಗು ಬರುತ್ತಿತ್ತು. ಎಡಗಡೆಯ ಇಲಿ ಉಣ್ಣಲು ಶುರುಮಾಡುತ್ತಿತ್ತು. ಯಂತ್ರ ತೂಗಿ ಬಲಗಡೆಗೆ ಬಡಿಸುತ್ತಿತ್ತು. ಕೂಗು ನಿಂತು, ಅದರ ಜಾಗದಲ್ಲಿ ಕಿಲಕಿಲನೆ ಚಿಕ್ಕ ಚಿಕ್ಕ ಸ್ವರಗಳು ಏಳುತ್ತಿದ್ದವು. ಅವು ಕೇಳಿಸಿದ ಮೇಲೆ ಎಡಗಡೆಯ ಇಲಿ ಬಟ್ಟಲನ್ನು ಬಿಟ್ಟು ಮೂಲೆಗೆ ಹೋಗಿ ಮಲಗುತ್ತಿತ್ತು.

ಸಲೀಮಾ ಜೋಡಿಗಳ ನಡುವೆ ಸದ್ದು ದಾಟದ ಹಲಗೆ ಇಟ್ಟಳು. ಎಡಗಡೆಯ ಇಲಿಗಳು ಮೊದಲಿನಂತೆ ಬಟ್ಟಲಿನತ್ತ ಸುಳಿಯುವುದನ್ನೇ ಬಿಟ್ಟವು. ಹಲಗೆ ತೆಗೆದಳು, ಮತ್ತೆ ಉಂಡವು. ಯಂತ್ರದ ಲೆಕ್ಕ ತಪ್ಪಿಸಿ ಬಲಗಡೆಯವಕ್ಕೆ ಎಷ್ಟು ಬೇಕೋ ಅಷ್ಟು ಹಾಕಿಸಿದಳು. ಹಲಗೆ ಇಲ್ಲದಿದ್ದರೂ ಎಡಗಡೆಯವು ಉಣ್ಣಲಿಲ್ಲ. ಉಣ್ಣುವ ಅಗತ್ಯವಿರಲಿಲ್ಲ. ಯಾವ ದಾರಿಯಿಂದ ಕೇಳಿದರೂ ಅದೇ ಉತ್ತರ ಬಂತು. ತಾನು ತಿಂದರೆ ಮಾತ್ರ ಪಕ್ಕದವನಿಗೆ ಬಟ್ಟಲು ತುಂಬುತ್ತದೆ ಎಂಬುದನ್ನು ಅವು ಕಂಡುಕೊಂಡಿದ್ದವು. ಯಾರೂ ಕಲಿಸಿರಲಿಲ್ಲ.

"ನೀಲಕ್ಕಾ, ಔಷಧ ಕೆಟ್ಟಿಲ್ಲ, ಇಲೀನೂ ಕೆಟ್ಟಿಲ್ಲ" ಎಂದಳು ಸಲೀಮಾ. ಯಾವಾಗಲೂ ಒಂದು ಚುಚ್ಚುಮಾತು ಇಟ್ಟುಕೊಂಡೇ ಇರುತ್ತಿದ್ದ ಅವಳ ದನಿ ಅಂದು ಬಹಳ ಮೆತ್ತಗಿತ್ತು. "ನಾವು ಪಂಕ್ತಿಗೆ ಕೂಡಿಸೀವಿ. ಅವು ಪಂಕ್ತೀನ ಅಂತ ತಿಳಕೊಂಡಾವ."

ಇನಾಮದಾರರು ಸುದ್ದಿ ಕೇಳಿ ಮೊದಲು ಸಿಟ್ಟಾದರು. ಜೋಡಿಗಳನ್ನು ಒತ್ತಟ್ಟಿಗೆ ಇಟ್ಟದ್ದೇ ತಪ್ಪು, ಇಡೀ ಪ್ರಯೋಗ ಹಾಳಾಯಿತು, ಎಲ್ಲವನ್ನೂ ಎಸೆದು ಬೇರೆ ಬೇರೆ ಕೋಣೆಗಳಲ್ಲಿ ಹೊಸದಾಗಿ ಶುರುಮಾಡಿ ಎಂದರು. ಅವರು ಹೇಳಿದ್ದು ಪೂರ್ತಿ ಸರಿ. ನಿರ್ದೇಶಕರು ಸರಿ ಇರುವುದು ಅಪರೂಪವಾದ್ದರಿಂದ ಯಾರೂ ಎದುರಾಡಲಿಲ್ಲ. ಎಸೆಯುವ ಮೊದಲು ಒಮ್ಮೆ ನೋಡುತ್ತೇನೆಂದು ಚಹಾದ ಕಪ್ಪನ್ನು ಹೊರಗಿನ ಮೇಜಿನ ಮೇಲಿಟ್ಟು ಕೆಂಪು ಕೋಣೆಯೊಳಗೆ ಹೋದರು. ಅವರು ಹೊರಗೆ ಬಂದಾಗ ಚಹಾದ ಮೇಲೆ ಕೆನೆ ಕಟ್ಟಿತ್ತು. ಅದನ್ನು ಅವರು ಮುಟ್ಟಲಿಲ್ಲ.

"ಅದಕ್ಕ ಹಸಿವಿ ಇಲ್ಲಂತ ಖಾತ್ರಿ ಏನ್ರೀ?"

ನೀಲಾ ನೆಲಕ್ಕಂಟಿದ ಗೆರೆಯನ್ನು ತೋರಿಸಿದಳು.

"ಮತ್ತ ಅದು ಎಲ್ಲಿಂದ ಉಣ್ಣತೈತಿ?" ಎಂದು ಕೇಳಿದರು ಅವರು. ಪ್ರಶ್ನೆ ವೈಜ್ಞಾನಿಕವಾಗಿ ಸ್ವಲ್ಪ ವಕ್ರವಾಗಿತ್ತು, ಆದರೆ ಇದಕ್ಕಿಂತ ಸರಿಯಾದ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ನೀಲಾಳಿಗೆ ತೋಚಿದ್ದು ಇಷ್ಟು: ನಮ್ಮ ಹಸಿವಿಗೆ ತಲೆಯಲ್ಲಿ ಒಂದು ಜಾಗವಿದೆ, ಸಾಕಿನ್ ಅದನ್ನು ಮುಚ್ಚುತ್ತದೆ. ಇನ್ನೊಬ್ಬರ ಹಸಿವಿಗೆ ಬೇರೆಯೇ ಜಾಗವಿರಬೇಕು. ಅದನ್ನು ಮುಚ್ಚುವ ಔಷಧ ಕಪ್ಪೆಯ ಬಳಿ ಇಲ್ಲ. ಅದಕ್ಕೆ ಬೇಕಾಗಿಯೂ ಇಲ್ಲ. ಮಣ್ಣಿನೊಳಗೆ ಅದು ಒಂಟಿಯಾಗಿ ಕೂತಿರುತ್ತದೆ.

ಮೂವರೂ ಗಾಜಿನಾಚೆಯ ಆ ಕೆಂಪು ಕತ್ತಲೆಯನ್ನು ನೋಡುತ್ತ ನಿಂತರು. ಅಲ್ಲಿ ಅಂಗೈಯಷ್ಟಿದ್ದ ಜೀವಗಳು ತಮಗೆ ಬೇಡವಾದ ಊಟವನ್ನು ಚೂರು ಚೂರಾಗಿ ಮುಗಿಸುತ್ತಿದ್ದವು. ಕೊನೆಗೆ ಇನಾಮದಾರರು, ನಿರ್ದೇಶಕರಿಗೆ ಮೌನ ಹೆಚ್ಚು ಹೊತ್ತು ಒಗ್ಗುವುದಿಲ್ಲವಾದ್ದರಿಂದ, ಬಲಗಡೆಯ ಇಲಿಗಳು ಮೊದಲಿಗೆ ಅಷ್ಟೊಂದು ಬಡಕಲಾಗಿದ್ದವಲ್ಲ, ಅವಕ್ಕೆ ಬೇರೆ ಏನಾದರೂ ರೋಗವಿತ್ತೇ ಎಂದು ಕೇಳಿದರು.

"ಅವಕ್ಕ ಏನೂ ಜಡ್ಡಿಲ್ಲ ಸರ್" ಎಂದಳು ನೀಲಾ. "ಎಲ್ಲಾ ತಪಾಸ ಮಾಡೀವಿ. ಬಾಜೂದಾಂವ ಎಷ್ಟ ಉಣ್ಣತಾನೋ ಅಷ್ಟ ಉಣ್ಣತಾವ, ಅದಕ್ಕ..."

ಅವಳು ಏಪ್ರನ್ ಬಿಚ್ಚಿ ಸಲೀಮಾಳ ಕೈಗೆ ಕೊಟ್ಟು, ರಜೆಯನ್ನೂ ಹೇಳದೆ ಮನೆಗೆ ಹೊರಟಳು.

ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ಮನೆಯಲ್ಲಿರುವುದು ವರ್ಷಕ್ಕೊಮ್ಮೆಯೂ ಇಲ್ಲ. ಪ್ರಭುಲಿಂಗ ಉಂಡು ಹೊರಗೆ ಪೇಪರು ಹಿಡಿದು ಕೂತಿದ್ದ. ಅವನ ತಾಟು ಇನ್ನೂ ಅಲ್ಲೇ ಇತ್ತು, ಒಂದು ಬದಿಗೆ ಸರಿಸಿದ ಅರ್ಧ ರೊಟ್ಟಿ. ಅಡಿಗೆಮನೆಯಲ್ಲಿ ಗಂಗವ್ವ ಗೋಡೆಗೆ ಒರಗಿ ತನ್ನ ತಾಟಿನ ಮುಂದೆ ಕೂತಿದ್ದಳು. ತಾಟಿನಲ್ಲಿಯೂ ಅರ್ಧ ರೊಟ್ಟಿ. ಬುಟ್ಟಿಯಲ್ಲಿ ಉಳಿದವು ಬಟ್ಟೆ ಹೊದ್ದು ಬೆಚ್ಚಗೆ ಕೂತಿದ್ದವು. ಸೊಸೆ ಅವೇಳೆಯಲ್ಲಿ ಬಂದದ್ದಕ್ಕೆ ಗಂಗವ್ವ ನಾಚಿ ತಾಟಿಗೆ ಸೆರಗು ಅಡ್ಡ ಹಿಡಿದಳು.

ಇಷ್ಟೇನಾ ಎಂದು ನೀಲಾ ಕೇಳಿದಳು.

"ಅವ ಉಂಡಷ್ಟ ಉಂಡೀನಿ" ಎಂದಳು ಗಂಗವ್ವ, ಇದರಲ್ಲಿ ಕೇಳುವುದೇನಿದೆ ಎಂಬಂತೆ. "ಹೆತ್ತ ಮಗ ಅರ್ಧಕ್ಕ ಎದ್ದು ಹೋದಮ್ಯಾಲ ತಾಯಿ ಕುಂತು ಮೂರ್ ರೊಟ್ಟಿ ಹ್ಯಾಂಗ ನುಂಗ್ತಾಳವಾ?"

"ಹಸಿವಿ ಆಗಂಗಿಲ್ಲೇನ್ರೀ ಅತ್ತ್ಯಾರ?"

"ಆಗದ ಏನ. ನನಗೇನ್ ನಿನ್ನ ಕಪ್ಪಿ ಕಡದೈತಿ?"

ನೀಲಾ ಅಡಿಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಡಾಕ್ಟರು ಆಳಕ್ಕೆ ಹುಡುಕಬೇಕೆಂದದ್ದು ಇಲ್ಲಿ ರೊಟ್ಟಿಯ ಬುಟ್ಟಿಯ ಪಕ್ಕದಲ್ಲಿ ಮೇಲೆಯೇ ಬಿದ್ದಿತ್ತು. ಅತ್ತೆಗೆ ಅವಳು ಬಗೆಬಗೆಯಾಗಿ ಹೇಳಿ ನೋಡಿದಳು. ಮಗನಿಗಿಂತ ಮೊದಲು ಉಣ್ಣಿ ಎಂದರೆ ಅದು ಆಗದ ಮಾತು. ಅವನಿಗಿಂತ ಹೆಚ್ಚು ಉಣ್ಣಿ ಎಂದರೆ ಗಂಟಲಲ್ಲಿ ಇಳಿಯುವುದಿಲ್ಲ. ಹಾಗಿದ್ದರೆ ಅವನ ಸೂಜಿಯನ್ನೇ ನಿಲ್ಲಿಸುತ್ತೇನೆ ಎಂದಳು. ಗಂಗವ್ವ ಆಗ ಮೊದಲ ಸಲ ಗಂಭೀರಳಾಗಿ ಸೊಸೆಯ ಕೈ ಹಿಡಿದು, ಸೂಜಿ ನಿಲ್ಲಿಸಬೇಡ, ಅವನ ಒಳಗಿನದು ವಾಸಿಯಾಗುತ್ತಿದೆಯಲ್ಲ, ನನಗೇನೂ ಆಗುವುದಿಲ್ಲ ಎಂದಳು. ಆ ಹಿಡಿತದಲ್ಲಿ ಬರೀ ಮೂಳೆ. ಬಲಗಡೆಯ ಇಲಿಗಳನ್ನು ಹಾಗೆಯೇ ಬಿಟ್ಟರೆ ಎಲ್ಲಿಗೆ ಮುಟ್ಟುತ್ತವೆಂಬುದು ನೀಲಾಳಿಗೆ ಗೊತ್ತಿತ್ತು. ಹೇಳಲಿಲ್ಲ.

ಪ್ರಭುಲಿಂಗನಿಗೂ ಆಗಲೇ ಹೇಳಲಿಲ್ಲ. ಇಲಿಗೂ ಯಾರೂ ಹೇಳಿರಲಿಲ್ಲ. ಒಂದು ಊಟದ ಮಟ್ಟಿಗೆ ನೋಡುವುದು, ಆಗದಿದ್ದರೆ ಬಾಯಿಬಿಟ್ಟು ಹೇಳುವುದು ಎಂದು ನಿಶ್ಚಯಿಸಿದಳು. ಇದು ನಿಯಮಕ್ಕೆ ವಿರುದ್ಧವಾದ ಪ್ರಯೋಗವೆಂದು ಅವಳಿಗೆ ಗೊತ್ತಿಲ್ಲದೆ ಇಲ್ಲ.

ಅಂದು ಸಂಜೆ ದೀಪ ಹಚ್ಚಿದ ಮೇಲೆ ಪಡಸಾಲೆಯ ನೆಲದ ಮೇಲೆ ಮೂರು ತಾಟುಗಳು ಒಂದೇ ಸಾಲಿನಲ್ಲಿ ಬಿದ್ದವು. ಅತ್ತೆ ಉಣ್ಣುವುದನ್ನು ಕಣ್ಣಾರೆ ನೋಡಬೇಕೆಂದು ಡಾಕ್ಟರು ಹೇಳಿದ್ದಾರೆ ಎಂದು ನೀಲಾ ಸುಳ್ಳು ಹೇಳಿದಳು. ಡಾಕ್ಟರ ಮಾತೆಂದ ಮೇಲೆ ಗಂಗವ್ವ ಗೊಣಗುತ್ತ, ಮೈಯೆಲ್ಲ ಮುದುರಿಕೊಂಡು, ಮಗನ ಬಲಕ್ಕೆ ಕೂತಳು. ಮಗನ ಪಕ್ಕದಲ್ಲಿ ಊಟಕ್ಕೆ ಕೂತದ್ದು ಅವಳಿಗೆ ಅದೇ ಮೊದಲು. ಸೊಸೆ ಬಡಿಸಿದಳು.

ಪ್ರಭುಲಿಂಗ ಎಂದಿನಂತೆ ಅರ್ಧ ರೊಟ್ಟಿ ಮುಗಿಸಿ, ಕಾಲೇಜಿನ ಸುದ್ದಿ ಏನೋ ಹೇಳುತ್ತ, ತಾಟನ್ನು ಬದಿಗೆ ಸರಿಸಿದ. ಅವನ ಕೈ ನಿಂತ ಕ್ಷಣಕ್ಕೆ ಅವನ ಪಕ್ಕದ ಕೈಯೂ ನಿಂತಿತು. ಗಂಗವ್ವ ಉಳಿದದ್ದನ್ನು ಮಡಚಿ ತಾಟಿನ ಅಂಚಿಗಿಟ್ಟಳು. ಅವನು ಅದನ್ನು ನೋಡಲಿಲ್ಲ, ಏಳಲು ನೆಲಕ್ಕೆ ಕೈ ಊರಿದ.

ಆಗ ಗಂಗವ್ವನ ಹೊಟ್ಟೆ ಕುರ್ರೆಂದಿತು.

ದೊಡ್ಡ ಸದ್ದೇನಲ್ಲ. ಮುದುಕಿ ಸೆರಗನ್ನು ಎಳೆದುಕೊಂಡು ಬೇರೆಲ್ಲೋ ನೋಡಿದಳು. ಆದರೆ ಪ್ರಭುಲಿಂಗ ಊರಿದ ಕೈಯನ್ನು ಹಾಗೆಯೇ ಇಟ್ಟು, ಏಳುವುದನ್ನು ತಡೆದ. ಹೊಟ್ಟೆ ಹಾಗೆ ಕೂಗುತ್ತದೆ ಎಂಬುದನ್ನೇ ಅವನು ಮರೆತಿದ್ದ. ತಾಯಿಯ ತಾಟನ್ನು ನೋಡಿದ, ಮಡಚಿಟ್ಟ ರೊಟ್ಟಿಯನ್ನು ನೋಡಿದ, ಜಾರಿದ ಬಳೆಗಳನ್ನು ನೋಡಿದ. ಇತಿಹಾಸದ ಮೇಷ್ಟರಿಗೆ ತಾರೀಖುಗಳು ಒಂದಕ್ಕೊಂದು ಕೂಡಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮತ್ತೆ ಸರಿಯಾಗಿ ಕೂತು, ತಾಟನ್ನು ಮುಂದಕ್ಕೆ ಎಳೆದುಕೊಂಡು, ಬುಟ್ಟಿಯಿಂದ ಒಂದು ರೊಟ್ಟಿ ತೆಗೆದ.

ನಿಧಾನವಾಗಿ ಮುರಿದ. ನಿಧಾನವಾಗಿ ಅಗಿದ. ನಡುವೆ ನಿಲ್ಲಿಸಿ ಬಲಗಡೆಗೆ ನೋಡಿದ. ಮಡಚಿಟ್ಟ ರೊಟ್ಟಿ ಬಿಚ್ಚಿಕೊಂಡಿತು, ಒಂದು ತುತ್ತು ಒಳಗೆ ಹೋಯಿತು. ಅವನು ಮತ್ತೆ ಮುರಿದ. ನೀಲಾ ಬಡಿಸುವ ಸೌಟನ್ನು ಹಿಡಿದುಕೊಂಡೇ ನಿಂತಿದ್ದಳು. ಈ ಚಲನೆಗಳನ್ನು ಅವಳು ಅಂದು ಬೆಳಿಗ್ಗೆಯೇ ಕೆಂಪು ಬೆಳಕಿನಲ್ಲಿ ನೋಡಿದ್ದಳು. ಕಣ್ಣು ಮಂಜಾದದ್ದರಿಂದ ಪಲ್ಯ ಎಲ್ಲಿಗೆ ಬಡಿಸಬೇಕೆಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ.

"ಹಸಿವಿ ಆತೇನೋ?" ಎಂದಳು ಗಂಗವ್ವ, ಆಸೆಯಿಂದ.

"ಇಲ್ಲಬೇ."

"ಮತ್ಯಾಕ ಉಣ್ಣಾಕತ್ತಿ?"

ಪ್ರಭುಲಿಂಗ ಬುಟ್ಟಿಯನ್ನು ಎತ್ತಿ ತಾಯಿಯ ತಾಟಿನ ಹತ್ತಿರಕ್ಕೆ ಇಟ್ಟ.

"ಇನ್ನೊಂದರ್ಧ ಉಣ್ಣತೀನಿ" ಎಂದ. "ಮೊದಲ ನೀ ಮುರಿ."